ಪೋಲ್ಗರ್ ಅಪ್ಪನ ದಾರಿ ನಮ್ಮ ಮಗಳಿಗೂ ಆಗುತ್ತದಾ?

ಓದುಗರ ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಮಗಳಿಗೆ 8 ವರ್ಷ, ಮೂರನೇ ಕ್ಲಾಸ್. ಆರೂವರೆ ವರ್ಷಕ್ಕೆ ಚೆಸ್ ಕಲಿತಳು, ಈಗ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ 1480 ಇದೆ. ಹಂಗೇರಿಯ ಪೋಲ್ಗರ್ ಅಕ್ಕತಂಗಿಯರ ಬಗ್ಗೆ ಓದಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಮಕ್ಕಳು ಹುಟ್ಟುವ ಮೊದಲೇ ಅವರಪ್ಪ ಎಲ್ಲ ತೀರ್ಮಾನ ಮಾಡಿ, ಶಾಲೆಗೆ ಕಳಿಸದೆ, ಮನೆಯಲ್ಲೇ ಮೂವರನ್ನೂ ಚಾಂಪಿಯನ್ ಮಾಡಿದರಂತೆ. ನಾನೂ ಮಗಳನ್ನು ಶಾಲೆ ಬಿಡಿಸಿ, ನನ್ನ ಕೆಲಸವನ್ನೂ ಬಿಟ್ಟು ಅವಳ ಜೊತೆ ನಿಲ್ಲಬೇಕು ಅಂತಿದ್ದೇನೆ. ಹೆಂಡತಿ ಒಪ್ಪುತ್ತಿಲ್ಲ. ಸೂಸನ್ ಪೋಲ್ಗರ್ 4 ವರ್ಷಕ್ಕೇ ಶುರು ಮಾಡಿದ್ದರು, ನಾವು ತಡ ಮಾಡಿಬಿಟ್ಟೆವಾ? ಇನ್ನೊಂದು, ಹುಡುಗಿಯರ ವಿಭಾಗದಲ್ಲಿ ಆಡಿಸಲೇಬಾರದು, ಹುಡುಗರೂ ಇರುವ ಓಪನ್‌ನಲ್ಲೇ ಆಡಿಸಬೇಕು ಅಂತಾರೆ. ನಿಜವಾ?

ಉತ್ತರ: ನೀವು ಕೇಳಿರುವುದು ಚೆಸ್ ಬಗ್ಗೆ. ಆದರೆ ಪತ್ರದ ಒಳಗೆ ಒಂದು ಭಯ ಇದೆ. ಮಗಳ ಕೈಯಲ್ಲಿ ಏನೋ ಇದೆ, ಈಗ ಹಿಡಿಯದಿದ್ದರೆ ಜಾರಿಹೋಗುತ್ತೆ, ನಾಳೆ ಅದು ನನ್ನ ತಪ್ಪಾಗುತ್ತೆ ಅನ್ನೋ ಭಯ. ಮಕ್ಕಳಿಗೆ ಚೆಸ್ ಹೇಳಿಕೊಡುವುದು ನನ್ನ ವೃತ್ತಿ. ಟೂರ್ನಮೆಂಟ್ ಹಾಲ್ ಹೊರಗೆ ಕಾಯುತ್ತಾ ಕೂತ ಅಪ್ಪ ಅಮ್ಮಂದಿರಲ್ಲಿ ಈ ಭಯವನ್ನು ನಾನು ಯಾವಾಗಲೂ ನೋಡುತ್ತೇನೆ, ಪೋಲ್ಗರ್ ಹೆಸರೂ ಅಲ್ಲೇ ಜಾಸ್ತಿ ಕೇಳಿಬರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಈಗ ಶಾಲೆ ಬಿಡಿಸಬೇಡಿ, ನಿಮ್ಮ ಕೆಲಸವನ್ನೂ ಬಿಡಬೇಡಿ. ತಡವಂತೂ ಆಗಿಲ್ಲ. ಆದರೆ ಆ ಮನೆಯಿಂದ ಕಲಿಯೋದು ಬಹಳ ಇದೆ. ಯಾವುದನ್ನು ಕಲಿಯಬೇಕು ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೀವು ಓದಿದ್ದರಲ್ಲಿ ಮುಖ್ಯ ಸಂಗತಿ ನಿಜ. ಲಾಸ್ಲೊ ಪೋಲ್ಗರ್ ಓದುವ ದಿನಗಳಲ್ಲೇ ದೊಡ್ಡ ದೊಡ್ಡವರ ಜೀವನಚರಿತ್ರೆಗಳನ್ನು ಕೂಡಿಹಾಕಿ, ಎಲ್ಲರೂ ಚಿಕ್ಕಂದಿನಲ್ಲೇ ಒಂದೇ ವಿಷಯ ಹಿಡಿದು ಕೂತವರು ಅಂತ ಕಂಡುಕೊಂಡರು. ಪ್ರತಿಭೆ ಹುಟ್ಟಿನಿಂದ ಬರುವುದಿಲ್ಲ, ಬೆಳೆಸಿದರೆ ಬರುತ್ತೆ ಅನ್ನೋದು ಅವರ ವಾದ. ಸೋವಿಯತ್ ಉಕ್ರೇನ್‌ನಲ್ಲಿದ್ದ ಕ್ಲಾರಾ ಅವರಿಗೆ ಪತ್ರ ಬರೆದು ಈ ಪ್ರಯೋಗಕ್ಕೆ ಜೊತೆಯಾಗಿ ಅಂತ ಕೇಳಿ, ಆಮೇಲೆ ಮದುವೆಯಾದರು. ಸೂಸನ್ (ಹಂಗೇರಿಯಲ್ಲಿ ಜುಜಾ) ಹುಟ್ಟಿದ್ದು 1969ರಲ್ಲಿ, ಸೋಫಿಯಾ 1974ರಲ್ಲಿ, ಜುಡಿತ್ 1976ರಲ್ಲಿ, ಮೂವರೂ ಬುಡಾಪೆಸ್ಟ್‌ನಲ್ಲಿ. ಸೂಸನ್ 4 ವರ್ಷದ ಮಗುವಾಗಿದ್ದಾಗ ಬುಡಾಪೆಸ್ಟ್‌ನ 11 ವರ್ಷದೊಳಗಿನ ಹುಡುಗಿಯರ ಚಾಂಪಿಯನ್‌ಶಿಪ್‌ನಲ್ಲಿ ಹತ್ತಕ್ಕೆ ಹತ್ತು ಗೆದ್ದರು. 1984ರಲ್ಲಿ, 15 ವರ್ಷಕ್ಕೆ, ಮಹಿಳೆಯರ ರೇಟಿಂಗ್ ಪಟ್ಟಿಯಲ್ಲಿ ಜಗತ್ತಿಗೇ ಮೊದಲು. 1991ರಲ್ಲಿ ಗ್ರ್ಯಾಂಡ್‌ಮಾಸ್ಟರ್, ಚೆಸ್‌ನ ಅತಿ ದೊಡ್ಡ ಪದವಿ. ಗಂಡಸರಿಗೆ ಇರುವ ಅದೇ ನಾರ್ಮ್ (ಟೂರ್ನಮೆಂಟ್‌ನಲ್ಲಿ ತೋರಿಸಬೇಕಾದ ನಿಗದಿತ ಸಾಧನೆ) ಮತ್ತು ರೇಟಿಂಗ್ ಮೂಲಕ ಆ ಪದವಿ ಪಡೆದ ಮೊದಲ ಮಹಿಳೆ ಅವರೇ. ಜುಡಿತ್ ಅದೇ 1991ರ ಡಿಸೆಂಬರ್‌ನಲ್ಲಿ 15 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, 1958ರಿಂದ ಬಾಬಿ ಫಿಷರ್ ಹೆಸರಲ್ಲಿದ್ದ ದಾಖಲೆ ಮುರಿದರು. ಮುಂದೆ 2735 ರೇಟಿಂಗ್ ಮುಟ್ಟಿ, ಗಂಡಸರು ಹೆಂಗಸರು ಎಲ್ಲರೂ ಸೇರಿದ ಪಟ್ಟಿಯಲ್ಲಿ ವಿಶ್ವದ 8ನೇ ಸ್ಥಾನದವರೆಗೆ ಏರಿದರು. 2002ರಲ್ಲಿ ಮಾಸ್ಕೋದಲ್ಲಿ ರ‍್ಯಾಪಿಡ್ (ಕಡಿಮೆ ಸಮಯದ) ಆಟವೊಂದರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್ ಅವರನ್ನೇ ಸೋಲಿಸಿದರು.

ಇಷ್ಟು ನಿಜ. ಇನ್ನು ಜನ ಸೇರಿಸಿಕೊಂಡಿರುವುದನ್ನು ಬಿಡಿಸೋಣ.

ಮೊದಲನೆಯದು ಶಾಲೆ. ಅವರು ತರಗತಿಗೆ ಹೋಗಲಿಲ್ಲ ಅನ್ನೋದು ಸರಿ, ಆದರೆ ಓದು ಬಿಡಲಿಲ್ಲ. ಮನೆಯಲ್ಲಿ ಓದಿ ಶಾಲೆಗೆ ಹೋಗಿ ಪರೀಕ್ಷೆ ಬರೆಯುತ್ತಿದ್ದರು. ಆಗ ಹಂಗೇರಿಯಲ್ಲಿ ಕಮ್ಯುನಿಸ್ಟ್ ಆಡಳಿತ, ಮನೆಪಾಠಕ್ಕೆ ಅನುಮತಿ ತೆಗೆದುಕೊಳ್ಳಲು ಆ ತಂದೆತಾಯಿ ಅಧಿಕಾರಿಗಳ ಜೊತೆ ಬಹಳ ಗುದ್ದಾಡಬೇಕಾಯಿತು. ಮುಖ್ಯ ವಿಷಯ ಏನಂದರೆ ಆ ಅಪ್ಪ ಅಮ್ಮ ಇಬ್ಬರೂ ವೃತ್ತಿಯಿಂದ ಶಿಕ್ಷಕರು. ಮಕ್ಕಳು ಚೆಸ್ ಜೊತೆ ಹಲವು ಭಾಷೆ ಕಲಿತರು, ಎಸ್ಪೆರಾಂಟೊ ಅನ್ನುವ ಕೃತಕ ಭಾಷೆ ಕೂಡ. ಟೇಬಲ್ ಟೆನಿಸ್ ಆಡುತ್ತಿದ್ದರು. ಶಾಲೆ ಬಿಡಿಸುವುದು ಅಂದರೆ ಆ ಶಾಲೆ ಮಾಡುತ್ತಿದ್ದ ಕೆಲಸವನ್ನೆಲ್ಲ ಮನೆಯವರು ಹೊರಬೇಕು. ಅದನ್ನು ಹೊರುವ ತರಬೇತಿ ಅವರಿಬ್ಬರಿಗೆ ಇತ್ತು. ನಿಮ್ಮ ಮನೆಯಲ್ಲಿ ಆ ಕೆಲಸ ಯಾರು ಮಾಡುತ್ತಾರೆ ಅಂತ ಪತ್ರದಲ್ಲಿ ಇಲ್ಲ. ನಿಮ್ಮ ಹೆಂಡತಿ ಕೇಳುತ್ತಿರುವುದೂ ಇದನ್ನೇ ಇರಬಹುದು.

ಎರಡನೆಯದು, ಅಪ್ಪ ಒಬ್ಬರೇ ಇದನ್ನೆಲ್ಲ ಮಾಡಿದರು ಅನ್ನೋದು. ಲಾಸ್ಲೊ ಸ್ವತಃ ಸಾಧಾರಣ ಆಟಗಾರ. ಮಗಳು ಬೇಗ ಅವರನ್ನು ದಾಟಿಹೋದಳು, ಆಮೇಲೆ ಪಾಠ ಹೇಳಿದ್ದು ಬೇರೆ ಬೇರೆ ಕೋಚ್‌ಗಳು. ಅಂಥ ಕೋಚ್‌ಗಳು ಸಿಗೋಕೆ ಬುಡಾಪೆಸ್ಟ್ ಬೇಕಾಗಿತ್ತು! ಹಂಗೇರಿಯ ಗ್ರ್ಯಾಂಡ್‌ಮಾಸ್ಟರ್ ಲಾಯೋಶ್ ಪೋರ್ಟಿಶ್ ಅಂಥವರು ವಿಶ್ವ ಚಾಂಪಿಯನ್ ಸ್ಪರ್ಧೆಯ ಹತ್ತಿರ ಹತ್ತಿರ ಓಡಾಡುತ್ತಿದ್ದ ಕಾಲ ಅದು. 1978ರಲ್ಲಿ ಬ್ಯೂನಸ್ ಐರಿಸ್ ಚೆಸ್ ಒಲಿಂಪಿಯಾಡ್‌ನಲ್ಲಿ (ದೇಶಗಳ ತಂಡಗಳ ಸ್ಪರ್ಧೆ) ಹಂಗೇರಿ ಸೋವಿಯತ್ ತಂಡವನ್ನು ಹಿಂದೆ ಹಾಕಿ ಚಿನ್ನ ಗೆದ್ದಾಗ ಸೂಸನ್‌ಗೆ 9 ವರ್ಷ. ಸುಮಾರು ಒಂದು ಕೋಟಿ ಜನರ ಪುಟ್ಟ ದೇಶ, ಅದರ ರಾಜಧಾನಿಯಲ್ಲಿ ಗಟ್ಟಿ ಆಟಗಾರರು, ಪುಸ್ತಕ, ಕ್ಲಬ್ ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಮನೆಯ ಕಥೆ ಹೇಳುವವರು ಈ ಊರಿನ ಕಥೆ ಬಿಟ್ಟುಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಮೂರನೆಯದೇ ನನ್ನ ಮಟ್ಟಿಗೆ ದೊಡ್ಡದು. "ಯಾವ ಮಗುವನ್ನಾದರೂ ಹೀಗೆ ಮಾಡಬಹುದು" ಅಂತ ಈ ಪ್ರಯೋಗ ಸಾಬೀತು ಮಾಡಿದೆ ಅನ್ನುತ್ತಾರಲ್ಲ, ಮಾಡಿಲ್ಲ. ಮೂವರೂ ಒಂದೇ ತಂದೆತಾಯಿಯ ಮಕ್ಕಳು. ಹುಟ್ಟಿನಿಂದ ಬಂದದ್ದು ಎಷ್ಟು, ಕಲಿಸಿದ್ದು ಎಷ್ಟು ಅಂತ ಅಲ್ಲಿ ಬೇರೆ ಮಾಡೋಕೆ ಆಗುವುದಿಲ್ಲ. ಚೆಸ್ ಪೋಷಕರಾಗಿದ್ದ ಒಬ್ಬ ಡಚ್ ಶ್ರೀಮಂತರು, ಬಡ ದೇಶದ ಮೂರು ಗಂಡುಮಕ್ಕಳನ್ನು ದತ್ತು ತೆಗೆದುಕೊಂಡು ಇದೇ ರೀತಿ ಬೆಳೆಸಿ ನೋಡಿ, ಖರ್ಚು ನನ್ನದು ಅಂತ ಕೇಳಿದ್ದರಂತೆ. ಕ್ಲಾರಾ ಬೇಡ ಅಂದರು. ಅಲ್ಲಿಗೆ ಅದು ನಿಂತಿತು.

ಒಂದೇ ಮನೆಯೊಳಗೇ ನೋಡಿ. ಅದೇ ಅಪ್ಪ, ಅದೇ ಪುಸ್ತಕದ ಕಪಾಟು, ಆದರೂ ಮೂವರು ಮೂರು ಕಡೆ ಮುಟ್ಟಿದರು. ಸೋಫಿಯಾ ಅವರ ಹೆಸರು ನಮ್ಮ ಕಡೆ ಯಾರೂ ಹೇಳುವುದಿಲ್ಲ, ನನಗೆ ಅವರ ಕಥೆಯೇ ಹೆಚ್ಚು ಕಲಿಸಿದೆ. 1989ರಲ್ಲಿ ರೋಮ್‌ನಲ್ಲಿ ಒಂದು ಟೂರ್ನಮೆಂಟ್. ಆಗ ಆಕೆಗೆ 14 ವರ್ಷ. ಎದುರಿಗೆ ಒಬ್ಬರಾದ ಮೇಲೊಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳು. 9 ಆಟಕ್ಕೆ 8.5 ಪಾಯಿಂಟ್ ತೆಗೆದರು. ಆ ವಯಸ್ಸಿನಲ್ಲಿ ಅಂಥ ಆಟ ಅಕ್ಕ ಆಡಿರಲಿಲ್ಲ, ತಂಗಿಯೂ ಆಡಿರಲಿಲ್ಲ. ಆದರೆ ಸೋಫಿಯಾ ಗ್ರ್ಯಾಂಡ್‌ಮಾಸ್ಟರ್ ಆಗಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ ನಿಂತಿತು. ಚಿತ್ರಕಲೆ ಕಡೆ ಮನಸ್ಸು ಹೋಯಿತು. ಇಸ್ರೇಲ್‌ಗೆ ಹೋಗಿ ಸಂಸಾರ ಕಟ್ಟಿಕೊಂಡರು. ಸೋಲು ಅಂತ ನಾನು ಇದನ್ನು ಕರೆಯುವುದೇ ಇಲ್ಲ. ಆದರೆ ನೀವು ಲೆಕ್ಕ ಹಾಕುವಾಗ ಮನಸ್ಸಿನಲ್ಲಿ ಜುಡಿತ್‌ರನ್ನು ಮಾತ್ರ ಇಟ್ಟುಕೊಂಡಿದ್ದೀರಿ. ಎಲ್ಲ ಸರಿಯಾಗಿ ಮಾಡಿದ ಮನೆಯಲ್ಲೂ ಮೂರರಲ್ಲಿ ಒಬ್ಬರು ಬೇರೆ ದಾರಿ ಹಿಡಿದರು ಅನ್ನೋದನ್ನೂ ಇಟ್ಟುಕೊಳ್ಳಿ.

ಅಭ್ಯಾಸದ ಗಂಟೆಗಳ ಬಗ್ಗೆಯೂ ಇದೇ. ಅರ್ಜೆಂಟೀನಾದ ಆಟಗಾರರನ್ನು ನೋಡಿ ಮಾಡಿದ, 2007ರಲ್ಲಿ ಬಂದ ಒಂದು ಅಧ್ಯಯನ ಇದೆ. ಮಾಸ್ಟರ್ ಮಟ್ಟ ಮುಟ್ಟೋಕೆ ಒಬ್ಬರಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬರಿಗೆ 23,000 ಗಂಟೆ ದಾಟಿತ್ತು. ಅದಕ್ಕಿಂತ ಜಾಸ್ತಿ ಕೂತೂ ಮುಟ್ಟದವರು ಇದ್ದರು. ಕೂರದೆ ಯಾರೂ ಮುಟ್ಟಲಿಲ್ಲ, ಅದೂ ಅಷ್ಟೇ ನಿಜ. ಹಾಗಾಗಿ ಕಷ್ಟಪಟ್ಟರೆ ಆಗೇ ಆಗುತ್ತೆ ಅಂತ ಯಾವ ಕೋಚ್ ಭರವಸೆ ಕೊಟ್ಟರೂ ನಂಬಬೇಡಿ, ಹುಟ್ಟಿನಿಂದ ಬರಬೇಕು ಅಂತ ಕೈಬಿಡುವವರನ್ನೂ ನಂಬಬೇಡಿ.

ಹಾಗಾದರೆ ಆ ಮನೆಯಿಂದ ಏನು ತೆಗೆದುಕೊಳ್ಳಬೇಕು? ಕಲಿಸಿದ ರೀತಿ. ಸೂಸನ್‌ಗೆ ಕಪಾಟಿನಲ್ಲಿ ಚೆಸ್ ಸೆಟ್ ಸಿಕ್ಕಿತು, ಇದೇನು ಅಂತ ತಾನೇ ಕೇಳಿದಳು. ಅಪ್ಪ ಎಲ್ಲ ಕಾಯಿಗಳನ್ನೂ ಒಂದೇ ಸಲ ಹರಡಲಿಲ್ಲ. ಮೊದಲು ಬರೀ ಪಾನ್‌ಗಳು (ಕಾಲಾಳುಗಳು), ಎರಡೂ ಕಡೆ ಎಂಟೆಂಟು. ಯಾರ ಪಾನ್ ಮೊದಲು ಆ ತುದಿ ಮುಟ್ಟುತ್ತೋ ಅವರು ಗೆದ್ದಂತೆ. ಅದು ಕೈಗೆ ಕೂತ ಮೇಲೆ ರಾಜ ಬಂದ, ಆಮೇಲೆ ಉಳಿದ ಕಾಯಿಗಳು. ಮಗು ಮೊದಲ ದಿನದಿಂದಲೇ ಗೆಲ್ಲಬಹುದಾದ ಆಟ ಅದು. ಲಾಸ್ಲೊ ಆಮೇಲೆ 5334 ಲೆಕ್ಕಗಳ ದಪ್ಪ ಪುಸ್ತಕ ತಂದರು. ಅದನ್ನು ತೆರೆದರೆ ಅವರ ತಲೆ ಹೇಗೆ ಓಡುತ್ತಿತ್ತು ಅಂತ ಗೊತ್ತಾಗುತ್ತೆ: ಮೊದಲ 306 ಲೆಕ್ಕ ಒಂದೇ ನಡೆಯಲ್ಲಿ ಚೆಕ್‌ಮೇಟ್. ಆಮೇಲೆ ಎರಡು ನಡೆಯವು 3412! ಮೂರು ನಡೆಗೆ ಹೋಗುವ ಮೊದಲು ಅಷ್ಟು. ನಮ್ಮಲ್ಲಿ ಎಂಟು ವರ್ಷದ ಮಕ್ಕಳಿಗೆ ಹದಿನೈದು ನಡೆಯ ಓಪನಿಂಗ್ ಬಾಯಿಪಾಠ ಮಾಡಿಸಿ, ಎದುರಾಳಿ ನಾಲ್ಕನೇ ನಡೆಯಲ್ಲಿ ಬೇರೆ ಏನೋ ಆಡಿದ ಕೂಡಲೇ ಮಗು ಕಣ್ಣುಬಾಯಿ ಬಿಟ್ಟು ಕೂರೋದನ್ನು ನಾನು ಪ್ರತಿ ಟೂರ್ನಮೆಂಟ್‌ನಲ್ಲೂ ನೋಡುತ್ತೇನೆ. ನಿಮ್ಮ ಮಗಳ ರೇಟಿಂಗ್‌ಗೆ ಎರಡು ನಡೆಯ ಲೆಕ್ಕಗಳೇ ಸರಿಯಾದ ಊಟ. ದಿನಕ್ಕೆ ಇಪ್ಪತ್ತು ಮಾಡಲಿ, ಕಾಯಿ ಮುಟ್ಟದೆ, ಕಣ್ಣಲ್ಲೇ.

ಇನ್ನೊಂದು, ಆಸೆ. ಅಕ್ಕ ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ತಂಗಿಯರು ಕಿಟಕಿಯಿಂದ ಇಣುಕುತ್ತಿದ್ದರಂತೆ, ಅವರಾಗಿ ಕೇಳುವವರೆಗೂ ಅಪ್ಪ ಕರೆಯಲಿಲ್ಲವಂತೆ. ಸೋಫಿಯಾ ಒಂದು ರಾತ್ರಿ ಬಚ್ಚಲುಮನೆಯಲ್ಲಿ ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡು ಕೂತಿದ್ದರು. ಆ ಕಾಯಿಗಳನ್ನು ಸುಮ್ನೆ ಬಿಡಮ್ಮ ಅಂತ ಅಪ್ಪ ಅಂದಾಗ, ಅವೇ ನನ್ನನ್ನು ಬಿಡುತ್ತಿಲ್ಲ ಅಂದರಂತೆ. ನಿಮ್ಮ ಪತ್ರದಲ್ಲಿ ನಿಮ್ಮ ಆಸೆ ಇದೆ, ಹೆಂಡತಿಯ ಅಭಿಪ್ರಾಯ ಇದೆ, ರೇಟಿಂಗ್ ಇದೆ. ಮಗಳು ಏನು ಹೇಳುತ್ತಾಳೆ ಅಂತ ಒಂದು ಸಾಲೂ ಇಲ್ಲ. ಸೋತ ಆಟವನ್ನು ಯಾರೂ ಹೇಳದೆ ಬೋರ್ಡ್ ಮೇಲೆ ಮತ್ತೆ ಇಟ್ಟು ನೋಡುತ್ತಾಳಾ? ನಾನು ಹೊಸ ಮಗುವಿನ ಮನೆಯವರನ್ನು ಕೇಳುವ ಮೊದಲ ಪ್ರಶ್ನೆ ಅದು. ರೇಟಿಂಗ್ ಆಮೇಲೆ.

ತಡ ಆಯಿತಾ ಅನ್ನೋದಕ್ಕೆ: ಇಲ್ಲ. ಆರೂವರೆಗೆ ಶುರು ಮಾಡಿ ಎಂಟಕ್ಕೆ 1480 ಅಂದರೆ ಒಳ್ಳೆಯ ವೇಗವೇ. ಚೆಸ್‌ನಲ್ಲಿ ಬೇಗ ಶುರು ಮಾಡಿದರೆ ಲಾಭ ಇದೆ ಅನ್ನೋದು ನಿಜ. ಆದರೆ ಎಲ್ಲ ಆಟಕ್ಕೂ ಪೋಲ್ಗರ್ ಲೆಕ್ಕ ಹಾಕುವವರಿಗೆ ಇನ್ನೊಂದು ಹಂಗೇರಿಯನ್ ಮನೆಯನ್ನು ತೋರಿಸುತ್ತೇನೆ. 2023ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಕಾಟಲಿನ್ ಕಾರಿಕೊ ಕಿಶುಯ್‌ಸಾಲಾಶ್ ಅನ್ನುವ ಸಣ್ಣ ಊರಿನಲ್ಲಿ ಬೆಳೆದ ಕಟುಕರ ಮಗಳು. ಅವರ ಮಗಳು ಸೂಸನ್ ಫ್ರಾನ್ಸಿಯಾ ಅಮೆರಿಕದಲ್ಲಿ ಕಾಲೇಜಿಗೆ ಹೋದ ಮೇಲೆ ದೋಣಿ ಹುಟ್ಟು ಹಿಡಿದವರು. 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದ ತಂಡದಲ್ಲಿ ಇದ್ದರು.

ಶಾಲೆಯ ವಿಷಯಕ್ಕೂ ಹಂಗೇರಿಯಿಂದಲೇ ಉದಾಹರಣೆ ಕೊಡುತ್ತೇನೆ, ಪೋಲ್ಗರ್ ದಾರಿಗೆ ಎದುರಾದದ್ದು. ಗಣಿತಜ್ಞ ಜಾನ್ ವಾನ್ ನ್ಯೂಮನ್, ಭೌತವಿಜ್ಞಾನಿ ಯೂಜಿನ್ ವಿಗ್ನರ್ ಇಬ್ಬರೂ ಬುಡಾಪೆಸ್ಟ್‌ನ ಫಶೋರಿ ಲೂಥರನ್ ಶಾಲೆಯಲ್ಲಿ ಓದಿದವರು, ಒಂದು ವರ್ಷದ ಹಿಂದೆಮುಂದೆ. ಅಲ್ಲಿ ಲಾಸ್ಲೊ ರಾಟ್ಸ್ ಅಂತ ಗಣಿತದ ಮೇಷ್ಟ್ರು. ಹುಡುಗ ನ್ಯೂಮನ್‌ನ ತಲೆ ಎಂಥದ್ದು ಅಂತ ಬೇಗನೆ ಕಂಡುಕೊಂಡರು, ಶಾಲೆ ಬಿಡಿಸಿ ಅನ್ನಲಿಲ್ಲ. ತರಗತಿಯಲ್ಲಿ ಉಳಿದುಕೊಂಡೇ, ವಿಶ್ವವಿದ್ಯಾಲಯ ಮಟ್ಟದ ಗಣಿತಜ್ಞರಿಂದ ಮನೆಯಲ್ಲಿ ಬೇರೆ ಪಾಠ ಸಿಗುವ ಹಾಗೆ ಏರ್ಪಾಡು ಮಾಡಿಸಿದರು. ವಿಗ್ನರ್‌ಗೆ 1963ರಲ್ಲಿ ನೊಬೆಲ್ ಬಂತು, ಅಷ್ಟು ದೊಡ್ಡವರಾದ ಮೇಲೂ ಅವರ ಕೋಣೆಯ ಗೋಡೆ ಮೇಲೆ ಈ ಮೇಷ್ಟ್ರ ಫೋಟೊ ಇತ್ತು. ನಿಮ್ಮ ಮಗಳಿಗೆ ನಾನು ಹೇಳುತ್ತಿರುವುದು ಈ ದಾರಿ: ಶಾಲೆ ಇರಲಿ, ಜೊತೆಗೆ ಗಟ್ಟಿ ಪಾಠ ಇರಲಿ.

ಶಾಲೆ ಬಿಡಿಸಿದರೆ ಏನಾಗಬಹುದು ಅಂತ ಬಿಡಿಸಿ ಹೇಳುತ್ತೇನೆ, ಹೆದರಿಸೋಕೆ ಅಲ್ಲ. ದಿನಕ್ಕೆ ಆರು ಗಂಟೆ ಸಿಗುತ್ತೆ, ನಿಜ. ಎಂಟು ವರ್ಷದ ಮಗು ಅದರಲ್ಲಿ ಗಮನ ಇಟ್ಟು ಕೂರುವುದು ಎರಡು, ಹೆಚ್ಚೆಂದರೆ ಮೂರು ಗಂಟೆ. ಉಳಿದದ್ದು ಫೋನಿನಲ್ಲಿ ಬ್ಲಿಟ್ಜ್ (ಕೆಲವೇ ನಿಮಿಷದ ಅವಸರದ ಆಟ) ಆಡುತ್ತಾ ಹೋಗುತ್ತೆ. ನೀವು ಸಂಬಳ ಬಿಟ್ಟಿದ್ದೀರಿ ಅನ್ನೋದು ಮಗಳಿಗೆ ಗೊತ್ತಾಗದೆ ಇರುವುದಿಲ್ಲ, ಆಮೇಲೆ ಒಂದೊಂದು ಸೋಲೂ ಅವಳಿಗೆ ಮನೆಯ ಸೋಲಾಗಿ ಕಾಣುತ್ತೆ. ಆಟ ಮುಗಿಸಿ ಹೊರಗೆ ಬರುವಾಗ ಮಕ್ಕಳು ಮೊದಲು ಅಪ್ಪನ ಮುಖ ನೋಡುತ್ತಾರೆ. ಅಂಥ ಮಕ್ಕಳ ಆಟ ನಿಧಾನಕ್ಕೆ ಹೆದರಿಕೆಯ ಆಟವಾಗುತ್ತೆ, ಡ್ರಾಗೆ ಕೈ ಚಾಚುತ್ತಾರೆ, ಹದಿಮೂರು ಹದಿನಾಲ್ಕಕ್ಕೆ ಬೋರ್ಡ್ ಕಂಡರೆ ಆಗದ ಹಾಗೆ ಆಗುತ್ತೆ. ವಾಪಸ್ ಬರುವ ದಾರಿ ಇಲ್ಲ ಅಂತಲ್ಲ, ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ 10ನೇ ತರಗತಿ ಪರೀಕ್ಷೆ ಕಟ್ಟಬಹುದು, ಅದಕ್ಕೆ 14 ವರ್ಷ ತುಂಬಿರಬೇಕು. ಆದರೆ ಎಂಟರಿಂದ ಹದಿನಾಲ್ಕರವರೆಗೆ ಅವಳಿಗೆ ಗಣಿತ, ಭಾಷೆ, ಜೊತೆಗಾರರು ಎಲ್ಲಿಂದ ಅಂತ ನೀವೇ ಉತ್ತರ ಹುಡುಕಬೇಕು. ಹಾಗೆ ಮಾಡಿ ಗೆದ್ದವರು ಇದ್ದಾರೆ, ಅವರ ಹೆಸರು ಎಲ್ಲರಿಗೂ ಗೊತ್ತು. ಗೆಲ್ಲದವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಆದರೆ ನಮ್ಮಂಥ ಕೋಚ್‌ಗಳ ಹತ್ತಿರ ಬರುತ್ತಾರೆ.

ಶಾಲೆಯಲ್ಲಿಟ್ಟುಕೊಂಡು ಮುಂದುವರಿಸಿದರೂ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಹಾಜರಾತಿ ತಕರಾರು ಬರುತ್ತೆ. ಮಗು ಸುಸ್ತಾಗುತ್ತೆ. ಪೂರ್ತಿ ಸಮಯ ಕೊಡುವ ಮಕ್ಕಳು ಒಂದೆರಡು ವರ್ಷ ಮುಂದೆ ಓಡಿದ ಹಾಗೆ ಕಾಣುತ್ತೆ, ಆಗ ನಿಮ್ಮ ಹೊಟ್ಟೆ ಉರಿಯುತ್ತೆ. ಹೆಡ್‌ಮಾಸ್ಟರ್ ಹತ್ತಿರ ಹೋಗಿ ವರ್ಷದ ಟೂರ್ನಮೆಂಟ್ ಪಟ್ಟಿ ಮೊದಲೇ ಕೊಟ್ಟು ಮಾತಾಡಿ. ಆಟ ಶುರುವಾಗುವ ಹಿಂದಿನ ದಿನ ರಜಾ ಚೀಟಿ ಕಳಿಸುವವರಿಗೆ ಸಿಗದ ಸಹಾಯ ಹೀಗೆ ಮಾಡಿದವರಿಗೆ ಸಿಗುತ್ತೆ. ದಿನಕ್ಕೆ ಒಂದೂವರೆ ಎರಡು ಗಂಟೆ, ಭಾನುವಾರ ಒಂದು ಉದ್ದದ ಆಟ, ರಜೆಯಲ್ಲಿ ರೇಟಿಂಗ್ ಟೂರ್ನಮೆಂಟ್. ಹನ್ನೊಂದು ಹನ್ನೆರಡನೇ ವಯಸ್ಸಿಗೆ 1900-2000ದ ಹತ್ತಿರ ಬಂದು, ಅವಳೇ ಇನ್ನೂ ಬೇಕು ಅನ್ನುತ್ತಿದ್ದರೆ, ಆಗ ಶಾಲೆಯ ಪ್ರಶ್ನೆಯನ್ನು ಮತ್ತೆ ತೆಗೆಯಿರಿ. ಆಗ ಅವಳ ಮಾತಿಗೂ ತೂಕ ಇರುತ್ತೆ. ಅಲ್ಲಿವರೆಗೆ ರೇಟಿಂಗ್ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 18 ವರ್ಷದೊಳಗಿನವರಿಗೆ, 2300ಕ್ಕಿಂತ ಕೆಳಗೆ ಇದ್ದರೆ, ಫಿಡೆ ಲೆಕ್ಕದಲ್ಲಿ ಕೆ ಅಂಶ (ಒಂದು ಆಟದಿಂದ ರೇಟಿಂಗ್ ಎಷ್ಟು ಏರಿಳಿಯಬಹುದು ಅಂತ ಹೇಳುವ ಸಂಖ್ಯೆ) 40. ಒಂದು ಕೆಟ್ಟ ಟೂರ್ನಮೆಂಟ್‌ನಲ್ಲಿ 80 ಪಾಯಿಂಟ್ ಹೋಗಬಹುದು, ಮುಂದಿನದರಲ್ಲಿ ವಾಪಸ್ ಬರಬಹುದು.

ಇನ್ನು ಓಪನ್ ಮತ್ತು ಹುಡುಗಿಯರ ವಿಭಾಗ. ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು, ಯಾಕೆಂದರೆ ಪೋಲ್ಗರ್ ಮನೆಯವರು ಜಗತ್ತಿಗೆ ನಿಜವಾಗಿ ಕಲಿಸಿದ್ದು ಇದನ್ನು ಅಂತ ನಾನು ನಂಬಿದ್ದೇನೆ. ಹೆಂಗಸರು ಹೆಂಗಸರ ಜೊತೆಗೇ ಆಡಬೇಕು ಅನ್ನುವ ಕಾಲದಲ್ಲಿ ಆ ಮಕ್ಕಳು ಗಂಡಸರ ಟೂರ್ನಮೆಂಟ್‌ಗಳಲ್ಲಿ ಕೂತರು. ಅದಕ್ಕೆ ಬೆಲೆಯನ್ನೂ ತೆತ್ತರು. 1986ರಲ್ಲಿ ಸೂಸನ್ ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿಗೆ ಆಯ್ಕೆಯಾಗುವಷ್ಟು ಆಡಿದರು, ಅದು ಗಂಡಸರದು ಅಂತ ಬಿಡಲಿಲ್ಲ. ಆಮೇಲೆ ನಿಯಮ ಬದಲಾಯಿತು. 1987ರ ಜನವರಿಯಲ್ಲಿ ಫಿಡೆ ಎಲ್ಲ ಮಹಿಳಾ ಆಟಗಾರರಿಗೂ 100 ರೇಟಿಂಗ್ ಪಾಯಿಂಟ್ ಸೇರಿಸಿತು, ಸೂಸನ್ ಒಬ್ಬರನ್ನು ಬಿಟ್ಟು! ಅವರು ಗಂಡಸರ ಜೊತೆ ಆಡುವುದರಿಂದ ಅವರ ರೇಟಿಂಗ್ ಸರಿಯಾಗೇ ಇದೆ ಅನ್ನೋದು ಕಾರಣ. ಒಂದೇ ಏಟಿಗೆ ಮೊದಲ ಸ್ಥಾನ ಹೋಯಿತು. ಇವತ್ತಿಗೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತೆ. ಮುಂದಿನ ವರ್ಷ, 1988ರಲ್ಲಿ, ಜುಡಿತ್ 12 ವರ್ಷದೊಳಗಿನ ಹುಡುಗರ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು.

ಆದರೆ "ಹುಡುಗಿಯರ ವಿಭಾಗದಲ್ಲಿ ಆಡಲೇಬಾರದು" ಅನ್ನೋದು ಅವರ ದಾರಿಯೂ ಆಗಿರಲಿಲ್ಲ. ಅದೇ 1988ರಲ್ಲಿ ಥೆಸಲೋನಿಕಿ ಒಲಿಂಪಿಯಾಡ್‌ನ ಮಹಿಳಾ ವಿಭಾಗದಲ್ಲಿ ಮೂವರು ಅಕ್ಕತಂಗಿಯರು ಮತ್ತು ಇಲ್ಡಿಕೊ ಮಾದ್ಲ್ ಸೇರಿ ಆಡಿ, ಸೋವಿಯತ್ ತಂಡದಿಂದ ಚಿನ್ನ ಕಿತ್ತುಕೊಂಡರು. 12 ವರ್ಷದ ಜುಡಿತ್ 13 ಆಟಕ್ಕೆ 12.5 ಪಾಯಿಂಟ್ ತಂದರು. 1996ರಲ್ಲಿ ಸೂಸನ್ ಮಹಿಳಾ ವಿಶ್ವ ಚಾಂಪಿಯನ್ ಆದರು. ಜುಡಿತ್ ಆ ಪಟ್ಟಕ್ಕೆ ಯಾವತ್ತೂ ಸ್ಪರ್ಧಿಸಲಿಲ್ಲ, ಅದು ಅವರ ಆಯ್ಕೆ. ಜುಡಿತ್ ಗ್ರ್ಯಾಂಡ್‌ಮಾಸ್ಟರ್ ಆದ ವಯಸ್ಸಿನ ಮಹಿಳಾ ದಾಖಲೆಯನ್ನು 2002ರಲ್ಲಿ ಮುರಿದ ನಮ್ಮ ಕೊನೇರು ಹಂಪಿ ಎರಡೂ ಕಡೆ ಆಡಿಕೊಂಡು ಬಂದವರು. ನಿಮ್ಮ ಮಗಳು ವರ್ಷವಿಡೀ ಓಪನ್‌ನಲ್ಲಿ ಆಡಲಿ, ತನಗಿಂತ ಇನ್ನೂರು ಪಾಯಿಂಟ್ ಮೇಲಿರುವವರ ಎದುರು ಕೂರಲಿ. ರಾಜ್ಯ ಮಟ್ಟದ ಆಯ್ಕೆ, ರಾಷ್ಟ್ರೀಯ ವಯೋಮಿತಿ ಸ್ಪರ್ಧೆ ಬಂದಾಗ ಹುಡುಗಿಯರ ವಿಭಾಗದಲ್ಲಿ ಆಡಲಿ. ಅಲ್ಲಿಂದ ಆಯ್ಕೆಯ ಬಾಗಿಲು ತೆರೆಯುತ್ತೆ. ವಯಸ್ಸಿನ ಗೆಳತಿಯರೂ ಸಿಗುತ್ತಾರೆ, ಈ ವಯಸ್ಸಿನಲ್ಲಿ ಅದು ಸಣ್ಣ ವಿಷಯ ಅಲ್ಲ.

2014ರಲ್ಲಿ ಸ್ಪರ್ಧೆಯಿಂದ ನಿವೃತ್ತಿ ಆಗುವ ಮೊದಲೇ ಜುಡಿತ್ ಹಂಗೇರಿಯ ಶಾಲೆಗಳಿಗಾಗಿ ಒಂದು ಪಠ್ಯಕ್ರಮ ಕಟ್ಟಿದರು. ಅಲ್ಲಿ ಚಿಕ್ಕ ಮಕ್ಕಳು ಚೆಸ್ ಬೋರ್ಡ್ ಇಟ್ಟುಕೊಂಡು ಎಣಿಸೋದು, ಯೋಚಿಸೋದು ಕಲಿಯುತ್ತಾರೆ, ಚಾಂಪಿಯನ್ ಮಾಡುವ ಗುರಿ ಅಲ್ಲಿ ಇಲ್ಲ. ಮನೆಪಾಠದಲ್ಲಿ ಬೆಳೆದವರೇ ಚೆಸ್ಸನ್ನು ತರಗತಿಯೊಳಗೆ ತಂದಿದ್ದಾರೆ. ಇದನ್ನು ನಿಮ್ಮ ಹೆಂಡತಿಗೂ ಹೇಳಿ.

ಈಗ ಮಾಡಬೇಕಾದ ಕೆಲಸ: ಮಗಳ ಇತ್ತೀಚಿನ ಟೂರ್ನಮೆಂಟ್‌ಗಳಲ್ಲಿ ಸೋತ ಆಟಗಳ ಸ್ಕೋರ್‌ಶೀಟ್ ತೆಗೆದಿಡಿ. ಎಲ್ಲಿ ತಪ್ಪಾಯಿತು ಅಂತ ಅವಳೇ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ, ನೀವು ಕಂಪ್ಯೂಟರ್ ಎಂಜಿನ್ ಹಾಕಿ ತೋರಿಸಬೇಡಿ. ಆ ಹಾಳೆಗಳ ಜೊತೆ, ಅವಳು ತನ್ನ ಕೈಯಲ್ಲೇ ಬರೆದ ಎರಡು ಸಾಲನ್ನೂ ಕಳಿಸಿ: ಚೆಸ್‌ನಲ್ಲಿ ಅವಳಿಗೆ ಯಾವುದು ಇಷ್ಟ, ಯಾವುದು ಬೇಜಾರು. ಬೇಸಿಗೆ ರಜೆಗೆ ಹೇಗೆ ಅಭ್ಯಾಸ ಮಾಡಬೇಕು ಅನ್ನೋದನ್ನು ಅದನ್ನು ನೋಡಿ ಬರೆಯುತ್ತೇನೆ.